ಹತ್ತು ಮೈಲಿಯಾಚೆಯ ಅನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದರೆ ಕಂದಾಯ ಇಲಾಖೆಗೆ ಮಧುಗಿರಿ ಉಪವಿಭಾಗ, ಶಿಕ್ಷಣ ಇಲಾಖೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಬರದ ಪಟ್ಟಿ ಹೊರಟಾಗಲೂ ಈ ನಾಲ್ಕೂ ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಇಲ್ಲಿ ಹಸಿದವರಿಗೆ ಅನ್ನ ಮುಟ್ಟಿಸುವ ಏರ್ಪಾಡು ಹೇಗೆ ಬೆಳೆಯಿತೆಂದು ಕ್ವಿಂಟಲ್ ಲೆಕ್ಕದಲ್ಲಿ ಹೇಳಬಹುದು. ನನಗೆ ಅದಕ್ಕಿಂತ ದೂರದ ಲೆಕ್ಕ ಮುಖ್ಯವೆನಿಸುತ್ತದೆ: ಒಂದು ಹೊತ್ತಿನ ಊಟಕ್ಕೆ ಯಾರು ಎಷ್ಟು ನಡೆಯಬೇಕಿತ್ತು?

1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಆ ದೂರವೇ ಹಸಿವಿನ ಪರೀಕ್ಷೆಯಾಗಿತ್ತು. ಭಾರತ ಸರ್ಕಾರ ದಕ್ಷಿಣಕ್ಕೆ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಎಂದು ಕೂಲಿ ಇಳಿಸಿದ. ಮನೆಯಿಂದ ಹತ್ತು ಮೈಲಿಯೊಳಗಿನ ಕೆಲಸಕ್ಕೆ ಗಟ್ಟಿಮುಟ್ಟಾದವರನ್ನು ಸೇರಿಸಕೂಡದೆಂಬ ಕಟ್ಟಳೆಯೂ ಬಂತು. ನಿಜಕ್ಕೂ ಹಸಿದವನಾದರೆ ನಡೆದು ಬರುತ್ತಾನೆ ಎಂಬ ತರ್ಕ. ಪಕ್ಕದ ಮೈಸೂರು ಸಂಸ್ಥಾನವೂ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ಬರದ ಬೆನ್ನಿಗೇ ಕ್ಷಾಮ ಆಯೋಗ ಬಂತು, 1883ರಲ್ಲಿ ಕ್ಷಾಮ ಸಂಹಿತೆ ಬಂತು.

ಮುಂದಿನ ಎಂಬತ್ತು ವರ್ಷಗಳನ್ನು ಬೇಗ ದಾಟಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಷನ್ ಬಂತು, 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಅಮೆರಿಕದಿಂದ ಬಂದ ದಿನಸಿಯಲ್ಲಿ ಮಾಡಿದ ‘ಕೇರ್ ಉಪ್ಪಿಟ್ಟು’ ಶಾಲೆಗೆ ಬಂತು. ಅದರ ವಾಸನೆಯನ್ನು ಇಂದಿಗೂ ಬಾಯಿ ಚಪ್ಪರಿಸಿ ನೆನೆಯುವವರೂ ಇದ್ದಾರೆ, ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ಈ ನಡುವೆ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯಿತು. ಪಾವಗಡ, ಶಿರಾ, ಮಧುಗಿರಿಯ ಮಳೆಯಾಶ್ರಿತ ಹೊಲಗಳಲ್ಲಿ ಸಾಮೆ, ನವಣೆ, ಹಾರಕ ಹಿಂದೆ ಸರಿದು ಕಡಲೆಕಾಯಿ ಹಬ್ಬಿತು. ಸಾಮೆ ಬೆಳೆದವನು ಬೆಳೆ ಅರೆಬರೆ ಬಂದರೂ ಮನೆಗೊಂದಿಷ್ಟು ಉಳಿಸಿಕೊಳ್ಳುತ್ತಿದ್ದ. ಕಡಲೆಕಾಯಿ ಕೈಕೊಟ್ಟರೆ ಉಳಿಯುವುದು ಸಾಲ. ಊಟ ಹೊಲದಿಂದ ಸೊಸೈಟಿಗೆ ಸ್ಥಳಾಂತರವಾದದ್ದು ಹೀಗೆ.

1983ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಟ್ಟರು. ಬಹುಪಾಲು ಆಂಧ್ರದಿಂದಲೇ ಸುತ್ತುವರಿದಿರುವ ಪಾವಗಡಕ್ಕೆ ಅದು ದೂರದ ಸುದ್ದಿಯಾಗಿರಲಿಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದ ಹಸಿರು ಕಾರ್ಡ್ ಅದರ ಬೆನ್ನಿಗೇ ಬಂತು. 1997ರಲ್ಲಿ ಬಡತನದ ಗೆರೆ ಎಳೆದು ಕಾರ್ಡುಗಳನ್ನು ಎರಡಾಗಿ ಸೀಳಿದ್ದು ಕೇಂದ್ರ. ಒಂದೇ ಕೇರಿಯಲ್ಲಿ ಕಾರ್ಡ್ ಸಿಕ್ಕ ಮನೆ, ಸಿಗದ ಮನೆ ಎಂಬ ಜಗಳ ಆಗ ಶುರುವಾದದ್ದು ಇನ್ನೂ ಮುಗಿದಿಲ್ಲ.

ನನ್ನ ಪ್ರಕಾರ ದೊಡ್ಡ ತಿರುವು ಬಿಸಿಯೂಟ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದಿತು. ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಈ ಕಡೆಗೂ ಬಂತು. ‘ದಾಸೋಹ’ ಎಂಬ ಮಾತಿಗೆ ತುಮಕೂರು ಸೀಮೆಯಲ್ಲಿ ವಿವರಣೆ ಬೇಕಿರಲಿಲ್ಲ. ಸಿದ್ಧಗಂಗಾ ಮಠದ ಒಲೆಯ ಅನ್ನ ಉಂಡು ಓದಿದವರು ಇಲ್ಲಿ ಊರೂರಲ್ಲೂ ಇದ್ದಾರೆ. ಮಠಕ್ಕೆ ಮಗುವನ್ನು ಬಿಟ್ಟು ಬರಬೇಕಿತ್ತು. ಬಿಸಿಯೂಟ ಮಗುವಿದ್ದ ಊರಿಗೇ ಬಂತು.

ಆದರೆ ಏಪ್ರಿಲ್‌ನಲ್ಲಿ, ಮನೆಯ ಕಾಳಿನ ಡಬ್ಬ ತಳ ಕಾಣುವ ಹೊತ್ತಿಗೇ, ಶಾಲೆಗೆ ಬೀಗ ಬೀಳುತ್ತದೆ. ಬರದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಿ ಎಂದು ಕೋರ್ಟು 2004ರಲ್ಲಿ ಹೇಳಿತು. ಸ್ವರಾಜ್ ಅಭಿಯಾನದ ಮೊಕದ್ದಮೆಯಲ್ಲಿ 2016ರ ಮೇ ತಿಂಗಳಲ್ಲಿ ಮತ್ತೆ ಹೇಳಬೇಕಾಯಿತು. 2023ರ ಬರದ ನಂತರದ ಬೇಸಿಗೆಯಲ್ಲೂ ರಾಜ್ಯ ಈ ಊಟಕ್ಕೆ ಆದೇಶ ಹೊರಡಿಸಿತು. ಪ್ರತಿ ಸಲವೂ ಹೊಸದಾಗಿ ಆದೇಶ ಬೇಕಾಗುವುದೇ ಇದರ ಕೊರತೆ: ಬರ ಘೋಷಣೆಯಾಗುವ ಅಕ್ಟೋಬರಿನಲ್ಲೇ ಏಪ್ರಿಲ್‌ನ ಊಟವೂ ನಿಶ್ಚಯವಾಗಿದ್ದರೆ ಅಡುಗೆಯ ಅಕ್ಕಂದಿರಿಗೆ ಕೊನೆಯ ಗಳಿಗೆಯವರೆಗೆ ಕಾಯುವುದು ತಪ್ಪುತ್ತಿತ್ತು.

ಮಾತೃಪೂರ್ಣದ ಕತೆ ಇನ್ನೂ ಕುತೂಹಲದ್ದು. 2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಹರಡುವ ಮುನ್ನ ಈ ಯೋಜನೆಯನ್ನು ಪ್ರಯೋಗಕ್ಕಿಟ್ಟ ನಾಲ್ಕು ತಾಲ್ಲೂಕುಗಳಲ್ಲಿ ಮಧುಗಿರಿಯೂ ಒಂದು. ಗರ್ಭಿಣಿಯ ಹೆಸರಲ್ಲಿ ಮನೆಗೆ ಕೊಟ್ಟ ದಿನಸಿ ಇಡೀ ಮನೆಯ ಪಾಲಾಗುತ್ತದೆ. ಅಂಗನವಾಡಿಯಲ್ಲಿ ಕೂರಿಸಿ ಬಿಸಿ ಅನ್ನ, ಸಾರು, ಮೊಟ್ಟೆ, ಹಾಲು ಕೊಟ್ಟರೆ ಅವಳ ಹೊಟ್ಟೆಗೇ ಹೋಗುತ್ತದೆ. ಆಲೋಚನೆ ಸರಿಯಾದದ್ದೇ. ಆದರೆ ತುಂಬು ಗರ್ಭಿಣಿ ಬಿಸಿಲಲ್ಲಿ ನಡೆದು ಬರಬೇಕು, ಬಾಣಂತಿಯೂ ಬರಬೇಕು. ತಲೆಗೆ ಬಟ್ಟೆ ಕಟ್ಟಿ, ತಿಂಗಳುಗಟ್ಟಲೆ ಹೊಸಿಲು ದಾಟದೆ ಬಾಣಂತನ ಮಾಡಿಸಿಕೊಳ್ಳುವ ನಾಡಿನಲ್ಲಿ! ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ ಎಂಬುದನ್ನೂ ಹಾಜರಿ ಪುಸ್ತಕ ಮರೆತಂತಿತ್ತು. ಕೊರೊನಾ ಕಾಲದಲ್ಲಿ ದಿನಸಿ ಮತ್ತೆ ಮನೆಗೇ ಹೋಯಿತು.

2013ರ ಜುಲೈನ ಅನ್ನಭಾಗ್ಯ ಅಕ್ಕಿಯ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಿತು, 2015ರಲ್ಲಿ ಅದೂ ಹೋಯಿತು. ಮುದ್ದೆಯ ಸೀಮೆಗೆ ಅಕ್ಕಿ ಮಾತ್ರ ಸುರಿದರೆ ಸಾಲದೆಂದು ಬೆಂಬಲ ಬೆಲೆಯಲ್ಲಿ ಕೊಂಡ ರಾಗಿಯನ್ನೂ ಸೊಸೈಟಿಗೆ ತಂದದ್ದು ಒಳ್ಳೆಯ ಕೆಲಸ. 2023ರಲ್ಲಿ ಕೇಂದ್ರ ಅಕ್ಕಿ ಮಾರಲು ಒಪ್ಪದಾಗ ಐದು ಕಿಲೋ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಹಣ ಹೋಗಿ ಅಕ್ಕಿ ಬಂತು. ಆ ವರ್ಷದ ಕೊನೆಗೆ ಬೇಳೆ, ಎಣ್ಣೆಯ ಕಿಟ್ ಕೊಡುವ ಮಾತು ಬಂತು. ಬರೀ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ ಎಂದು ಹಳ್ಳಿಯ ಹೆಂಗಸರು ಮೊದಲಿನಿಂದಲೂ ಬಲ್ಲರು. ಸಾರಿಗೆ ಬೇಳೆ ಬೇಕಲ್ಲ.

ಇನ್ನು ಬರೀ ಊಟದ ಯೋಜನೆಗಳನ್ನಷ್ಟೇ ನೋಡಿದರೂ ತಪ್ಪಾಗುತ್ತದೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಬರಗಾಲದಲ್ಲಿ ದನಗಳಿಗೆ ಮೇವು ಹಂಚಿದ್ದು ಕೂಡ ಆಹಾರ ಪರಿಹಾರವೇ, ಹಸು ಸಂತೆಗೆ ಹೋದರೆ ಮಗುವಿನ ಲೋಟ ಖಾಲಿ. ತಿರುಮಣಿಯ ಸುತ್ತ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆ ಗೊತ್ತಾಯಿತು. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಯವರಿಗೆ ಗುತ್ತಿಗೆ ಪತ್ರವಿಲ್ಲ. ಅವರು ಬೆಂಗಳೂರಿನ ಬಸ್ಸು ಹತ್ತಿದರೆ, ಎಲ್ಲಿ ಬೇಕಾದರೂ ಪಡಿತರ ಎತ್ತಬಹುದೆಂಬ ಈಚಿನ ನಿಯಮ ಕೆಲಸಕ್ಕೆ ಬರುತ್ತದೆ, ಮನೆಯಲ್ಲಿ ಉಳಿದವರ ಪಾಲು ಯಾರು ತರಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡಿದ್ದರೆ.

2005ರ ಉದ್ಯೋಗ ಖಾತರಿ ಕಾಯ್ದೆ ಐದು ಕಿಲೋಮೀಟರ್ ಒಳಗೆ ಕೆಲಸ ಕೊಡಬೇಕು, ಆಚೆಯಾದರೆ ಕೂಲಿ ಶೇ 10 ಹೆಚ್ಚು ಎಂದಿತು. ಟೆಂಪಲ್‌ನ ಹತ್ತು ಮೈಲಿ ಅಲ್ಲಿಗೆ ತಲೆಕೆಳಗಾಯಿತು. 2024–25ರ ರಾಜ್ಯ ಬಜೆಟ್ ಇನ್ನೂ ಮುಂದೆ ಹೋಗಿ, 80 ದಾಟಿದವರಷ್ಟೇ ಇರುವ ಮನೆಗಳ ಬಾಗಿಲಿಗೆ ಪಡಿತರ ಒಯ್ಯುವ ‘ಅನ್ನ ಸುವಿಧಾ’ ಘೋಷಿಸಿತು. ಸೊಸೈಟಿಯ ಯಂತ್ರ ಸವೆದ ಹೆಬ್ಬೆರಳನ್ನು ಗುರುತಿಸದೆ ವಾಪಸ್ಸಾಗುವ ಮುದುಕರಿಗೆ ಇದು ಬೇಕೇ ಬೇಕಿತ್ತು. ಆದರೆ ಮಗ, ಸೊಸೆ ಗುಳೆ ಹೋಗಿ, ಹತ್ತು ವರ್ಷದ ಮೊಮ್ಮಗಳನ್ನು ಇಟ್ಟುಕೊಂಡಿರುವ ಅಜ್ಜಿಯ ಮನೆಯಲ್ಲಿ ‘80 ದಾಟಿದವರಷ್ಟೇ’ ಇಲ್ಲ. ಅವಳು ಚೀಲ ಹಿಡಿದು ನಡೆಯುತ್ತಾಳೆ, ಹುಡುಗಿ ಜತೆಗೆ ಹೋಗುತ್ತಾಳೆ, ಅವತ್ತು ಶಾಲೆ ತಪ್ಪುತ್ತದೆ, ಬಿಸಿಯೂಟವೂ.