ಕಚೇರಿಯ ಲವಲವಿಕೆ

ನಮ್ಮ ಕರ್ಣಾಟಕ ಸಂಗೀತದ ವಿಷಯದಲ್ಲಿ ಹೊಸಬರ ಆಕ್ಷೇಪಣೆಯೊಂದುಂಟು: ಅದು ಬಹು ಗಂಭೀರ, ಬಹು ದೀರ್ಘ, ಕೇಳುತ್ತಿದ್ದ ಹಾಗೆ ತೂಕಡಿಕೆ ಬರುತ್ತದೆ ಎಂದು. ಹಳಬರ ಆಕ್ಷೇಪಣೆ ಇದಕ್ಕೆ ವಿರುದ್ಧವಾದುದು: ಚುರುಕಾದ ಕೃತಿಗಳಿಗೆ ಮನಸೋಲುವವನು ಇನ್ನೂ ಬಾಲಕ, ವಿಳಂಬಕಾಲದ ತೋಡಿಯನ್ನೂ ಭೈರವಿಯನ್ನೂ ಸವಿಯಬಲ್ಲವನೇ ರಸಿಕ ಎಂದು. ಈ ಎರಡು ಮಾತುಗಳ ನಡುವೆ ಸಿಕ್ಕಿ, ಒಳಗೆ ಬರಬಹುದಾಗಿದ್ದ ಎಷ್ಟೋ ಮಂದಿ ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಆದುದರಿಂದ ಉಲ್ಲಾಸದ ಕೆಲವು ಕೃತಿಗಳನ್ನು ಹೆಸರಿಸಿ, ಅವು ನಮ್ಮ ಸಂಗೀತಕ್ಕೆ ಬಂದ ಬಗೆಯನ್ನು ತಿಳಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಈ ಚರಿತ್ರೆಯನ್ನು ನೋಡಿದರೆ ಲವಲವಿಕೆಯು ಅಲ್ಪರು ತಂದ ಕೀಳು ಸರಕಲ್ಲವೆಂಬುದೂ, ದೊಡ್ಡವರೇ ಕಿವಿಗಳನ್ನು ತೆರೆದಿಟ್ಟು ಬರಮಾಡಿಕೊಂಡ ಅತಿಥಿಯೆಂಬುದೂ ಸ್ಪಷ್ಟವಾಗುತ್ತದೆ.

ಮೊದಲು ಮುತ್ತುಸ್ವಾಮಿ ದೀಕ್ಷಿತರನ್ನು (1775–1835) ನೋಡೋಣ. ಗಾಂಭೀರ್ಯಕ್ಕೆ ಇವರಿಗಿಂತ ಮಿಗಿಲಾದ ವಾಗ್ಗೇಯಕಾರರನ್ನು ಹೇಳುವುದು ಕಷ್ಟ. ಆದರೂ ಇವರ ಕುಟುಂಬವು ಮದರಾಸಿನ ಬಳಿಯ ಮಣಲಿಯಲ್ಲಿ ನೆಲಸಿದ್ದಾಗ, ಸೇಂಟ್ ಜಾರ್ಜ್ ಕೋಟೆಯಲ್ಲಿ ನುಡಿಯುತ್ತಿದ್ದ ಆಂಗ್ಲರ ಬ್ಯಾಂಡು ಇವರ ಕಿವಿಗೆ ಬಿತ್ತು. ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕಟ್ಟಿ, ದೀಕ್ಷಿತರು ಸುಮಾರು 40 ಸಣ್ಣ ಕೃತಿಗಳನ್ನು ರಚಿಸಿದರು. ಇವಕ್ಕೆ ನೊಟ್ಟುಸ್ವರಗಳೆಂದು ಹೆಸರು. ಇಂಗ್ಲೆಂಡಿನ ರಾಜಗೀತೆಯ ಮಟ್ಟಿನಲ್ಲಿಯೇ ‘ಸಂತತಂ ಪಾಹಿಮಾಂ’ ಎಂಬುದನ್ನು ಹಾಡಬಹುದು. ಗಮಕವಿಲ್ಲದ ನೇರ ಸ್ವರಗಳು, ನಡಿಗೆಗೆ ಒಪ್ಪುವ ಲಯ. ಮಕ್ಕಳೂ ಒಂದು ದಿನದಲ್ಲಿ ಕಲಿಯಬಲ್ಲರು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದ ಗಾಯನ ಕಚೇರಿಯನ್ನು ಯಾರು ತಾನೆ ಊಹಿಸಬಲ್ಲರು?

ಅದೇ ಕಾಲದ ತ್ಯಾಗರಾಜರಲ್ಲಿ (1767–1847) ಉಲ್ಲಾಸವು ಬೇರೊಂದು ದಾರಿಯಿಂದ ಬಂದಿದೆ. ಹಂಸನಾದ ರಾಗದ ‘ಬಂಟುರೀತಿ ಕೊಲು’ ಎಂಬ ಕೃತಿಯನ್ನು ಕೇಳಿರಿ. ತಾಳದ ಪೆಟ್ಟು ಬಿದ್ದೊಡನೆ ಹಾಡು ಆರಂಭವಾಗುವುದಿಲ್ಲ. ತುಸು ತಡೆದು ಎತ್ತಿಕೊಳ್ಳುತ್ತದೆ. ಈ ಎಡೆಯಲ್ಲಿ ಕೇಳುವವನ ಮನಸ್ಸು ಕಾದಿದ್ದು, ಹಾಡು ಬಂದೊಡನೆ ಚಿಮ್ಮುತ್ತದೆ. ತರುವಾಯ ಪಲ್ಲವಿಯ ಒಂದೇ ಸಾಲು ಸಂಗತಿಯಿಂದ ಸಂಗತಿಗೆ ಬೆಳೆಯುತ್ತ ಹೋಗುತ್ತದೆ. ವೇಗವೇ ಲವಲವಿಕೆಯಲ್ಲವೆಂಬ ಪಾಠವನ್ನು ನಾವು ಇಲ್ಲಿ ಕಲಿಯಬಹುದು. ಉಸಿರಿಗೆ ಎಡೆಗೊಡದೆ ಓಡುವ ಹಾಡು ಬೇಗನೆ ಬೇಸರ ತರುತ್ತದೆ. ಕಾಯಿಸಿ ಕೊಡುವ ಹಾಡು ನೂರು ಸಲ ಕೇಳಿದರೂ ಹಳತಾಗದು.

ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ (1845–1902). ಅವರ ‘ರಘುವಂಶ ಸುಧಾಂಬುಧಿ’ ಕದನಕುತೂಹಲ ರಾಗದಲ್ಲಿದೆ. ಈ ರಾಗದ ಆರೋಹಣದಲ್ಲಿ ಸ್ವರಗಳು ಸರದಿಯಾಗಿ ಮೆಟ್ಟಿಲೇರದೆ, ಸ ರಿ ಮ ದ ನಿ ಗ ಪ ಸ ಎಂದು ನೆಗೆನೆಗೆದು ಹೋಗುತ್ತವೆ. ಬ್ಯಾಂಡಿನ ಧೋರಣೆ ಇಲ್ಲಿ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ; ಆದರೆ ಸಾಹಿತ್ಯ, ತಾಳ, ಚಿಟ್ಟೆಸ್ವರಗಳೆಲ್ಲವೂ ನಮ್ಮವೇ. ಹೊರಗಿನದನ್ನು ಜೀರ್ಣಿಸಿಕೊಳ್ಳುವುದೆಂದರೆ ಇದು.

ಈ ಅಯ್ಯರವರ ಬಳಿಯಲ್ಲಿ ಕಲಿತು ಬರುವಂತೆ ಹತ್ತನೆಯ ಚಾಮರಾಜ ಒಡೆಯರು ಮೈಸೂರಿನ ತರುಣರೊಬ್ಬರನ್ನು ತಿರುವೈಯಾರಿಗೆ ಕಳುಹಿಸಿಕೊಟ್ಟರು. ಅವರೇ ಮೈಸೂರು ವಾಸುದೇವಾಚಾರ್ಯರು (1865–1961). ಅವರ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಎಂಬ ಕೃತಿಯನ್ನು ತಿಳಿಯದ ರಸಿಕರು ವಿರಳ. 1980ರಲ್ಲಿ ತೆರೆಕಂಡ ‘ಶಂಕರಾಭರಣಂ’ ಎಂಬ ತೆಲುಗು ಚಿತ್ರದ ಮೂಲಕ, ಕಚೇರಿಯನ್ನು ಎಂದೂ ಕಾಣದವರ ಮನೆಗಳಿಗೂ ಅದು ಹೋಯಿತು. ಅದರ ಚಿಟ್ಟೆಸ್ವರವು ಮೃದಂಗದೊಡನೆ ಸೇರಿ ಸಾಗುವ ಹೊತ್ತಿಗೆ, ತಾಳ ಹಾಕದೆ ಕುಳಿತಿರುವುದು ಕಷ್ಟ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಅರಮನೆಯು ವೀಣೆಗೂ ಪಾಶ್ಚಾತ್ಯ ವಾದ್ಯವೃಂದಕ್ಕೂ ಸಮವಾಗಿ ಆಶ್ರಯವಿತ್ತಿತು. ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ಮೋಹನದ ಆರೋಹಣವನ್ನೂ ಕಲ್ಯಾಣಿಯ ಅವರೋಹಣವನ್ನೂ ಕೂಡಿಸಿ ಮೋಹನಕಲ್ಯಾಣಿಯನ್ನು ಕಲ್ಪಿಸಿ, ಅದರಲ್ಲಿ ‘ಭುವನೇಶ್ವರಿಯ’ ಎಂಬ ಕನ್ನಡ ಕೃತಿಯನ್ನು ರಚಿಸಿದರು. ಅವರದೇ ‘ಇಂಗ್ಲಿಷ್ ನೋಟು’ ಸ್ವರಗಳ ಆಟವೇ ಆಗಿದ್ದು, ಮಧುರೈ ಮಣಿ ಅಯ್ಯರ್ (1912–1968) ಅದನ್ನು ಹಾಡಿ ಮನೆಮಾತಾಗಿಸಿದರು. ವೀಣೆ ಶೇಷಣ್ಣನವರ (1852–1926) ಝಂಝೂಟಿ ರಾಗದ ತಿಲ್ಲಾನವನ್ನೂ ಕೇಳಬೇಕು. ತಿಲ್ಲಾನವು ನಾಟ್ಯರಂಗದೊಡನೆ ಬೆಳೆದುದು; ತಂಜಾವೂರಿನ ನಾಲ್ವರು ಸೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು ಆ ಸಂಪ್ರದಾಯವನ್ನು ಮೈಸೂರಿನಲ್ಲಿ ನೆಲೆಗೊಳಿಸಿದರು.

ಇಷ್ಟಾದರೂ ಈ ಕೃತಿಗಳು ಚದುರಿದ ಹೂಗಳಂತೆ ಉಳಿಯಬಹುದಾಗಿತ್ತು. ಅವುಗಳಿಗೆ ಕಚೇರಿಯಲ್ಲಿ ನಿಯತವಾದ ಸ್ಥಾನವನ್ನು ಕಲ್ಪಿಸಿದವರಲ್ಲಿ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ಪ್ರಮುಖರು. ಮೊದಲು ವರ್ಣ, ಬಳಿಕ ಮಧ್ಯಮಕಾಲದ ಚುರುಕಾದ ಕೃತಿಗಳು, ನಡುವೆ ವಿಸ್ತಾರವಾದ ರಾಗ, ಕಡೆಗೆ ತಿಲ್ಲಾನ ಮೊದಲಾದ ಹಗುರವಾದ ರಚನೆಗಳು ಎಂಬ ಕ್ರಮವನ್ನು ಅವರು ರೂಢಿಗೆ ತಂದರು. ಅಷ್ಟರಲ್ಲಿ ಅರಮನೆಗಳ ಕಾಲ ಮುಗಿಯುತ್ತ ಬಂದಿತ್ತು. ದೊರೆಯ ಮೆಚ್ಚುಗೆಯನ್ನು ನಂಬಿದ್ದ ವಿದ್ವಾಂಸನು, ಟಿಕೆಟು ಕೊಂಡು ಬರುವ ಸಾಮಾನ್ಯರನ್ನೂ ಆಕಾಶವಾಣಿಯ ಕಾಣದ ಕೇಳುಗರನ್ನೂ ನಂಬಬೇಕಾಯಿತು. ಆ ಸಂಧಿಕಾಲದಲ್ಲಿ ನಮ್ಮ ಸಂಗೀತವು ಉಳಿದು ಬಂದುದಕ್ಕೆ ಈ ಲವಲವಿಕೆಯೂ ಒಂದು ಕಾರಣವೆಂದು ನಾವು ಹೇಳಬಲ್ಲೆವು.

ಹೊಸಬರಿಗೆ ನಮ್ಮ ಸಲಹೆ ಇಷ್ಟೆ. ಮೊದಲು ಒಂದೆರಡು ನೊಟ್ಟುಸ್ವರಗಳನ್ನು ಕೇಳಿರಿ. ಅನಂತರ ‘ರಘುವಂಶ’, ‘ಬ್ರೋಚೇವಾ’, ‘ಬಂಟುರೀತಿ’. ಮುಗಿಸುವಾಗ ಶೇಷಣ್ಣನವರ ತಿಲ್ಲಾನ. ಒಂದೇ ಕೃತಿಯನ್ನು ಇಬ್ಬರು ಮೂವರಿಂದ ಕೇಳಿದರೆ ವ್ಯತ್ಯಾಸವು ತಾನಾಗಿಯೇ ತಿಳಿಯುತ್ತದೆ. ಖಮಾಚಿನಲ್ಲಿ ಕಿವಿ ಪಳಗಿದವನು ಭೈರವಿಯ ಬಳಿಗೆ ಒಂದು ದಿನ ತಾನೇ ಬರುತ್ತಾನೆ. ಅವನನ್ನು ಯಾರೂ ಎಳೆದು ತರಬೇಕಾಗಿಲ್ಲ. ಹಿರಿಯರಾದ ರಸಿಕರಲ್ಲಿ ನಮ್ಮ ವಿಜ್ಞಾಪನೆಯೆಂದರೆ, ದೀಕ್ಷಿತರು ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚದಿರೋಣ.