ಹಲ್ಲು ಕಡಿತಕ್ಕೆ ಬೊಟುಲಿನಂ ಚುಚ್ಚುಮದ್ದು
ನಿದ್ದೆಯಲ್ಲೋ ಎಚ್ಚರದಲ್ಲೋ ಅರಿವಿಲ್ಲದೆ ಹಲ್ಲು ಕಡಿಯುವ, ದವಡೆ ಬಿಗಿಹಿಡಿಯುವ ಬ್ರಕ್ಸಿಸಂ ಎಂಬ ತೊಂದರೆಗೆ ಬೊಟುಲಿನಂ ಟಾಕ್ಸಿನ್‌-ಎ ಚುಚ್ಚಿ ದವಡೆಯ ಸ್ನಾಯುಗಳನ್ನು ಸಡಿಲಗೊಳಿಸುವ ಚಿಕಿತ್ಸೆ. ಜನರ ಬಾಯಲ್ಲಿ ಇದು 'ಬೊಟಾಕ್ಸ್'. ಅದು ವಾಸ್ತವದಲ್ಲಿ ಒಂದು ಬ್ರ್ಯಾಂಡ್ ಹೆಸರು.

ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾ ಉತ್ಪಾದಿಸುವ ಈ ವಿಷ, ಕೆಟ್ಟ ಆಹಾರದ ಮೂಲಕ ದೇಹ ಸೇರಿದರೆ ಪ್ರಾಣಾಂತಿಕ. ಅತ್ಯಲ್ಪ ಪ್ರಮಾಣದಲ್ಲಿ ಅದೇ ಮದ್ದು. ನರತುದಿಯೊಳಗಿನ ಸ್ನ್ಯಾಪ್‌-25 ಪ್ರೋಟೀನನ್ನು ಅದು ತುಂಡರಿಸುತ್ತದೆ. ಆಗ ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಹೊರಬರದೆ ಸ್ನಾಯುವಿಗೆ ಸಂಕೋಚನದ ಆದೇಶ ತಲುಪುವುದಿಲ್ಲ. ಕೆನ್ನೆಯ ಮ್ಯಾಸೆಟರ್ ಸ್ನಾಯುವಿಗೆ, ಕೆಲವೊಮ್ಮೆ ಕಣತಲೆಯ ಟೆಂಪೊರಾಲಿಸ್‌ಗೂ ಚುಚ್ಚುತ್ತಾರೆ. ಕೆಲವೇ ದಿನಗಳಲ್ಲಿ ಪರಿಣಾಮ ಆರಂಭವಾಗಿ ಸುಮಾರು 3–4 ತಿಂಗಳು ಉಳಿಯುತ್ತದೆ. ನರತುದಿಗಳು ಚೇತರಿಸಿಕೊಂಡಂತೆ ಕಡಿತವೂ ಮರಳಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಚುಚ್ಚುಮದ್ದು ಕಡಿತದ ರಭಸವನ್ನು ತಗ್ಗಿಸುತ್ತದೆಯೇ ಹೊರತು, ನಿದ್ದೆಯಲ್ಲಿ ಕಡಿತವನ್ನು ಪ್ರಚೋದಿಸುವ ಮಿದುಳಿನ ಚಟುವಟಿಕೆಯನ್ನಲ್ಲ. ಹೀಗಾಗಿ ಇದನ್ನು ಗುಣಪಡಿಸುವ ಚಿಕಿತ್ಸೆ ಎನ್ನುವುದಕ್ಕಿಂತ ಹಲ್ಲು, ಕೀಲುಗಳಿಗೆ ಸಿಗುವ ಬಿಡುವು ಎನ್ನುವುದೇ ಸರಿ. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಕ್ಕೆ ಮೊದಲು ಅನುಮತಿ ಕೊಟ್ಟದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆಸೆಳೆತಕ್ಕೆ. ಹಲ್ಲು ಕಡಿತಕ್ಕೆ ಅದನ್ನು ಬಳಸುವುದು ವೈದ್ಯರ ವಿವೇಚನೆಯ ಮೇಲೆ.

ಅಗಿಯುವ ಶಕ್ತಿ ಕುಂದುವುದು, ನಗು ಓರೆಯಾಗುವುದು ತಾತ್ಕಾಲಿಕ ಅಡ್ಡಪರಿಣಾಮಗಳು. ಮತ್ತೆಮತ್ತೆ ಚುಚ್ಚಿಸಿಕೊಂಡರೆ ದವಡೆಮೂಳೆಯ ಸಾಂದ್ರತೆ ಇಳಿಯಬಹುದೆಂಬ ಆತಂಕವೂ ಇದೆ. ಗರ್ಭಿಣಿಯರಿಗೆ, ಸ್ನಾಯುಗಳು ಬಲಗುಂದುವ ಮಯಸ್ತೇನಿಯಾ ಗ್ರ್ಯಾವಿಸ್ ರೋಗ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಕ್ಕಳು ಹಲ್ಲು ಕಡಿದರೆ ಹೊಟ್ಟೆಹುಳು ಎನ್ನುವ ನಮ್ಮ ಮನೆಗಳ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಅವರಲ್ಲಿ ಬಹುತೇಕರಿಗೆ ಚುಚ್ಚುಮದ್ದೂ ಬೇಡ, ಬೆಳೆದಂತೆ ತಾನಾಗಿಯೇ ನಿಲ್ಲುತ್ತದೆ. ದೊಡ್ಡವರಿಗೂ ಮೊದಲು ಸೂಚಿಸುವುದು ರಾತ್ರಿ ಧರಿಸುವ ಹಲ್ಲುಕವಚವನ್ನೇ.