ಕರ್ನಾಟಕ ವಿದ್ಯಾವರ್ಧಕ ಸಂಘ, ಧಾರವಾಡ

ಕರ್ನಾಟಕ ವಿದ್ಯಾವರ್ಧಕ ಸಂಘವು 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಸ್ಥಾಪನೆಯಾಯಿತು. ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಆದ್ದರಿಂದ ಸಂಘದ ಮೊದಲ ಕೆಲಸವೆಲ್ಲ ಪುಸ್ತಕದ ಸುತ್ತಲೇ ನಡೆಯಿತು. ಕನ್ನಡ ಗ್ರಂಥಗಳಿಗೆ ಬಹುಮಾನ ಕೊಟ್ಟಿತು, 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಹೊರಡಿಸಿತು. 1907ರಲ್ಲಿ ಆಲೂರು ವೆಂಕಟರಾಯರ ಓಡಾಟದಿಂದ ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನ ಸೇರಿತು.

ಕಲೆಗೆ ಆಗ ಬೇರೆ ಆಸರೆಗಳಿದ್ದವು. ನಾಟಕ ಕಂಪನಿಗಳು ಊರೂರಿಗೆ ಬಂದು ತಮ್ಮ ರಂಗಮಂದಿರ ಕಟ್ಟಿಕೊಳ್ಳುತ್ತಿದ್ದವು. ಸಂಗೀತವು ರಸಿಕರ ಮನೆಗಳ ಬೈಠಕ್ಕಿನಲ್ಲಿ, ಗಣೇಶೋತ್ಸವದ ಮಂಟಪದಲ್ಲಿ ನಡೆಯುತ್ತಿತ್ತು. ಚಿತ್ರಕಲೆಗೆ ಡಿ.ವಿ. ಹಾಲಭಾವಿಯವರು ಊರಿನಲ್ಲೇ ಶಾಲೆ ತೆರೆದರು. ಇವನ್ನೆಲ್ಲ ಭಾಷೆಯ ಅಭಿಮಾನಕ್ಕೆ ಬೆಸೆಯುವ ದಾರಿ ತೋರಿದ್ದು ನಾಡಹಬ್ಬ. 1926ರಲ್ಲಿ ಕವಿ ದ.ರಾ. ಬೇಂದ್ರೆ ಮತ್ತು ಅವರ ಗೆಳೆಯರ ಗುಂಪು ನವರಾತ್ರಿಯಲ್ಲಿ ಆರಂಭಿಸಿದ ಈ ಹಬ್ಬ ಭಾಷಣವನ್ನೂ ಹಾಡನ್ನೂ ಒಂದೇ ವೇದಿಕೆಗೆ ತಂದಿತು.

ಭಾಷೆಯ ಜೊತೆಗೆ ಕಲೆಯನ್ನೂ ಒಳಗೊಂಡ ಸಂಘದ ಈಗಿನ ಸ್ವರೂಪದ ಹಿಂದೆ ಪತ್ರಕರ್ತ ಪಾಟೀಲ ಪುಟ್ಟಪ್ಪನವರಿದ್ದಾರೆ. 2020ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನ ಅವರೇ ಅಧ್ಯಕ್ಷರು. ಒಬ್ಬರೇ ಇಷ್ಟು ಕಾಲ ಆ ಕುರ್ಚಿಯಲ್ಲಿದ್ದದ್ದು ಅಪರೂಪವೇ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1982ರ ಗೋಕಾಕ ಚಳವಳಿಗೂ ಸಂಘ ನೆಲೆಯಾಯಿತು. ಕೆಲಸವನ್ನು ಜಾನಪದ, ಲಲಿತಕಲೆ, ಮಹಿಳೆ, ಮಕ್ಕಳು, ಶಿಕ್ಷಣ ಎಂದು ‘ಮಂಟಪ’ಗಳೆಂಬ ವಿಭಾಗಗಳಿಗೆ ಹಂಚಲಾಗಿದೆ. ಹಣದ ಸಮಸ್ಯೆಯನ್ನು ನೀಗಲು ನೆರವಾಗುವುದು ದತ್ತಿಗಳು: ತೀರಿಕೊಂಡ ಹಿರಿಯರ ಹೆಸರಿನಲ್ಲಿ ಮನೆಯವರು ಇಡುಗಂಟು ಇಡುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಉಪನ್ಯಾಸವೋ ಗಾಯನವೋ ನಡೆಯುತ್ತದೆ. ಹೀಗಾಗಿ ಬೆಳಿಗ್ಗೆ ಮಕ್ಕಳ ಸ್ಪರ್ಧೆಯಾದ ಸಭಾಭವನದಲ್ಲೇ ಸಂಜೆ ಪುಸ್ತಕ ಬಿಡುಗಡೆಯಾಗುವುದೂ ಉಂಟು.

ಎಲ್ಲ ಕಲೆಗೂ ಒಂದೇ ಸಭಾಭವನ ಒಗ್ಗುವುದಿಲ್ಲ. ಭಾಷಣದ ವೇದಿಕೆಯಲ್ಲಿ ರಂಗಸಜ್ಜಿಕೆಗೆ, ಬೆಳಕಿನ ವಿನ್ಯಾಸಕ್ಕೆ ಬೇಕಾದ ಅನುಕೂಲ ಇರುವುದು ಕಡಿಮೆ. ಆ ಅಗತ್ಯಕ್ಕೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಬೇರೆ ತಾಣಗಳು ಬೆಳೆದವು. ಧಾರವಾಡದಲ್ಲಿ ಕಲಾಭವನ, ಕರ್ನಾಟಕ ಕಾಲೇಜಿನ ಸೃಜನಾ ರಂಗಮಂದಿರ ಮತ್ತು ಸರ್ಕಾರದ ರಂಗಾಯಣ ಇವೆ. ಹುಬ್ಬಳ್ಳಿಯ ಒಂದು ಸಭಾಂಗಣಕ್ಕೆ ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹೆಸರಿದೆ. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರ ನೆನಪಿನ ಗುರುಕುಲದಲ್ಲಿ ವಿದ್ಯಾರ್ಥಿಗಳು ಗುರುಗಳ ಬಳಿಯೇ ಉಳಿದು ಹಿಂದೂಸ್ತಾನಿ ಗಾಯನ ಕಲಿಯುತ್ತಾರೆ.